ಮನೆಗೆ ಗೊತ್ತಿಲ್ಲದ ಪ್ರೀತಿ ಮುರಿದಾಗ

ಎಲ್ಲರಿಗೂ ನಮಸ್ಕಾರ. ಪ್ರೀತಿ ಮುರಿದ ಮೇಲೆ ಏನು ಮಾಡಬೇಕು ಎಂದು ಹೇಳುವವರಿಗೆ ಈಗ ಕೊರತೆಯಿಲ್ಲ. ಜಿಮ್‌ಗೆ ಸೇರಿಕೊಳ್ಳಿ, ಪ್ರವಾಸ ಹೋಗಿ ಬನ್ನಿ, ಕೆಲಸದಲ್ಲಿ ಮುಳುಗಿಬಿಡಿ, ಹೊಸಬರ ಪರಿಚಯ ಮಾಡಿಕೊಳ್ಳಿ ಎಂಬ ಸಲಹೆಗಳು ಬೇಕಾದಷ್ಟಿವೆ. ಆದರೆ ಈ ಸಲಹೆಗಳು ನಮ್ಮ ನಾಡಿನ ಒಂದು ವಾಸ್ತವವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಎಷ್ಟೋ ಪ್ರೇಮಸಂಬಂಧಗಳು ಮನೆಯವರ ಕಣ್ಣು ತಪ್ಪಿಸಿಯೇ ಬೆಳೆಯುತ್ತವೆ. ಹಾಗಾಗಿ ಅವು ಮುರಿದುಬಿದ್ದಾಗಲೂ ಮನೆಯವರಿಗೆ ತಿಳಿಯುವುದಿಲ್ಲ. ಒಳ್ಳೆಯ ಮನಸ್ಸಿನ, ಗಟ್ಟಿ ಸ್ವಭಾವದ ಯುವಕ ಯುವತಿಯರೂ ಇಂಥ ಹೊಡೆತದಿಂದ ವರ್ಷಗಟ್ಟಲೆ ಚೇತರಿಸಿಕೊಳ್ಳಲಾರದೆ ಒದ್ದಾಡುತ್ತಾರೆ. ಅವರು ದುರ್ಬಲರು ಎಂದು ನಾನು ಒಪ್ಪುವುದಿಲ್ಲ. ಅವರ ದುಃಖವನ್ನು ದುಃಖವೆಂದು ಒಪ್ಪಿ ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯರೂ ಇಲ್ಲದಿರುವುದೇ ಇದಕ್ಕೆ ದೊಡ್ಡ ಕಾರಣ ಎಂಬುದು ನನ್ನ ನಂಬಿಕೆ.

ಸಾವಾದ ಮನೆಯಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದನ್ನು ಒಮ್ಮೆ ಗಮನಿಸಿ. ಒಲೆ ಹಚ್ಚದ ಆ ಮನೆಗೆ ಅಕ್ಕಪಕ್ಕದವರು ಅನ್ನ ಸಾರು ತಂದುಕೊಡುತ್ತಾರೆ. ಬಂಧುಗಳು, ಪರಿಚಿತರು ‘ಮಾತಾಡಿಸಿಕೊಂಡು ಬರೋಣ’ ಎಂದು ಹೊರಟು ಬರುತ್ತಾರೆ. ಬಂದವರ ಮುಂದೆ ಮನೆಯವರು ನಡೆದದ್ದನ್ನೇ ಹತ್ತು ಸಲ, ಇಪ್ಪತ್ತು ಸಲ ಹೇಳುತ್ತಾರೆ, ಪ್ರತಿ ಸಲ ಹೇಳುವಾಗಲೂ ಅಳುತ್ತಾರೆ, ಯಾರೂ ಅವರನ್ನು ‘ಇನ್ನು ಸಾಕು’ ಎನ್ನುವುದಿಲ್ಲ. ಹನ್ನೊಂದನೆಯ ದಿನ, ಹದಿಮೂರನೆಯ ದಿನ, ವರ್ಷದ ತಿಥಿ ಎಂದು ದುಃಖಕ್ಕೂ ಒಂದು ಕ್ರಮವಿದೆ. ಮನೆಗೆ ಗೊತ್ತಿಲ್ಲದ ಪ್ರೀತಿ ಮುರಿದವರಿಗೆ ಇದರಲ್ಲಿ ಒಂದೂ ಇಲ್ಲ. ಹೀಗೆ ಸಮಾಜ ಮಾನ್ಯ ಮಾಡದ, ಬಹಿರಂಗವಾಗಿ ಅಳಲು ಅವಕಾಶವಿಲ್ಲದ ದುಃಖವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲೇ ಒಂದು ಪ್ರತ್ಯೇಕ ಬಗೆಯೆಂದು ಗುರುತಿಸಿದರು. ಅಂಥ ದುಃಖಕ್ಕೆ ಸುತ್ತಲಿನವರ ಆಸರೆ ಸಿಗುವುದಿಲ್ಲವಾದ್ದರಿಂದ ಅದನ್ನು ಹೊರುವುದು ಇನ್ನಷ್ಟು ಕಷ್ಟ ಎಂಬುದು ಅವರ ವಾದದ ತಿರುಳು. ಅವರು ಹೇಳಿದ್ದು ಅಮೆರಿಕದ ಸಮಾಜವನ್ನು ನೋಡಿ. ಜಾತಿ, ಜಾತಕ, ಕುಟುಂಬದ ಮರ್ಯಾದೆ ಎಲ್ಲವೂ ಸೇರಿಕೊಂಡ ನಮ್ಮ ಸಮಾಜಕ್ಕೆ ಆ ಮಾತು ಮತ್ತಷ್ಟು ಸಲ್ಲುತ್ತದೆ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಹಾವೇರಿ ಕಡೆಯ ಹುಡುಗಿಯೊಬ್ಬಳು ಬೆಂಗಳೂರಿನ ವಿಜಯನಗರದ ಪಿಜಿಯೊಂದರಲ್ಲಿ ಇನ್ನಿಬ್ಬರ ಜೊತೆ ಕೋಣೆ ಹಂಚಿಕೊಂಡಿದ್ದಾಳೆ. ಊರಿಗೆ ಹೋದಾಗ ಯಾರ ಕಣ್ಣಿಗಾದರೂ ಬಿದ್ದೀತೆಂದು, ಅವಳ ಫೋನಿನಲ್ಲಿ ಆ ಹುಡುಗನ ನಂಬರು ಯಾವುದೋ ಗೆಳತಿಯ ಹೆಸರಿನಲ್ಲಿದೆ. ಕಾಲೇಜಿನ ದಿನಗಳಿಂದ ನಡೆದುಬಂದ ಆ ಸಂಬಂಧ ಒಂದು ಸಂಜೆ ‘ಮನೇಲಿ ಒಪ್ತಾ ಇಲ್ಲ, ಇಲ್ಲಿಗೇ ಬಿಟ್ಟುಬಿಡೋಣ’ ಎಂಬ ಸಂದೇಶದಲ್ಲಿ ಮುಗಿದುಹೋಗುತ್ತದೆ. ಮರುಗಳಿಗೆಯಿಂದ ಡಿಪಿ ಕಾಣುವುದಿಲ್ಲ, ಕರೆ ಹೋಗುವುದಿಲ್ಲ. ಅಷ್ಟರಲ್ಲಿ ಅಮ್ಮನ ಫೋನು ಬರುತ್ತದೆ. ‘ಊಟ ಆತೇನವ್ವಾ? ದನಿ ಯಾಕ ಹಿಂಗ ಆಗೇತಿ?’ ಎಂದು ಅಮ್ಮ ಕೇಳಿದರೆ ಅವಳು ‘ನೆಗಡಿ ಆಗೇತಿ’ ಎನ್ನುತ್ತಾಳೆ. ಇಬ್ಬರು ರೂಮ್‌ಮೇಟ್‌ಗಳ ನಡುವೆ ಅಳುವುದಕ್ಕೂ ಜಾಗವಿಲ್ಲದೆ ಸ್ನಾನದ ಮನೆಯ ನಲ್ಲಿ ತಿರುಗಿಸಿ ಅಳುತ್ತಾಳೆ. ಮರುದಿನ ಬೆಳಗ್ಗೆ ಒಂಬತ್ತೂವರೆಗೆ ಆಫೀಸಿನಲ್ಲಿ ಲಾಗಿನ್ ಆಗಲೇಬೇಕು. ಇದೇ ಹೊತ್ತಿನಲ್ಲಿ ಊರಿನಲ್ಲಿ ಅಪ್ಪ ಅವಳ ಬಯೋಡೇಟಾವನ್ನು ಯಾರಿಗೋ ಕಳುಹಿಸುತ್ತಿರಬಹುದು. ಇಂಥ ಕೋಣೆಗಳು ಈ ನಗರದಲ್ಲಿ ಎಷ್ಟಿವೆಯೋ ಲೆಕ್ಕ ಇಟ್ಟವರಿಲ್ಲ.

‘ಇಷ್ಟಕ್ಕೆಲ್ಲ ಇಷ್ಟೊಂದು ಯಾಕೆ?’ ಎನ್ನುವವರಿಗೆ ಒಂದು ಮಾತು ಹೇಳಬೇಕು. ಈಥನ್ ಕ್ರಾಸ್ ಎಂಬ ಮನೋವಿಜ್ಞಾನಿಯ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಾವು ಬಯಸದೆಯೇ ಸಂಬಂಧ ಮುರಿದುಕೊಂಡ 40 ಮಂದಿಯ ಮಿದುಳನ್ನು ಸ್ಕ್ಯಾನ್ ಮಾಡಲಾಯಿತು. ಬಿಟ್ಟುಹೋದವರ ಫೋಟೊ ನೋಡುತ್ತಾ ಆ ಅಗಲಿಕೆಯನ್ನು ನೆನೆಯುವಂತೆ ಅವರಿಗೆ ಹೇಳಿದರು. ಬೇರೆ ಹೊತ್ತಿನಲ್ಲಿ ಅವರ ಮುಂಗೈಗೆ ನೋವಾಗುವಷ್ಟು ಬಿಸಿ ತಾಗಿಸಿದರು. ಎರಡೂ ಸಂದರ್ಭಗಳಲ್ಲಿ, ಮೈಯ ನೋವನ್ನು ಗ್ರಹಿಸುವ ಕೆಲವು ಭಾಗಗಳು ಚುರುಕಾದವು. ಆದ್ದರಿಂದ ಎದೆ ಭಾರವಾಗಿದೆ, ಅನ್ನ ಇಳಿಯುತ್ತಿಲ್ಲ, ರಾತ್ರಿ ಮೂರಕ್ಕೇ ಎಚ್ಚರವಾಗುತ್ತದೆ ಎಂದು ಒಬ್ಬರು ಹೇಳಿದಾಗ, ಅದನ್ನು ನಾಟಕವೆಂದು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಇನ್ನು ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳನ್ನು ದಾಟಿದರೆ ಮುಗಿಯಿತು ಎಂಬ ಮಾತೂ ಬಹಳ ಓಡಾಡುತ್ತಿದೆ. ಅದನ್ನು 1969ರಲ್ಲಿ ವೈದ್ಯೆ ಎಲಿಜಬೆತ್ ಕೂಬ್ಲರ್ ರಾಸ್ ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳೊಡನೆ ಮಾತನಾಡಿ. ಅದನ್ನು ವೇಳಾಪಟ್ಟಿಯಂತೆ ಹಿಡಿದುಕೊಂಡು, ‘ನಾನು ಇನ್ನೂ ಎರಡನೆಯ ಹಂತದಲ್ಲೇ ಇದ್ದೇನೆ’ ಎಂದು ಯಾರೂ ತಮ್ಮನ್ನು ತಾವು ಹಳಿದುಕೊಳ್ಳಬೇಕಾಗಿಲ್ಲ.

ಹಠಾತ್ತಾಗಿ ಮುರಿದ ಸಂಬಂಧದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ‘ಯಾಕೆ?’ ಎಂಬ ಪ್ರಶ್ನೆ. ನಮ್ಮಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ಮನೆಯಲ್ಲಿ ಒಪ್ಪಲಿಲ್ಲ’ ಎಂಬುದು. ಅದು ಎಷ್ಟೋ ಸಲ ನಿಜವಾಗಿರುತ್ತದೆ. ಜಾತಿಯ ಕಾರಣಕ್ಕೆ ಮಗನನ್ನೋ ಮಗಳನ್ನೋ ಹೆದರಿಸಿ, ಅಮ್ಮನ ರಕ್ತದೊತ್ತಡದ ಮಾತೆತ್ತಿ, ತಂಗಿಯ ಮದುವೆಯ ಚಿಂತೆ ಮುಂದಿಟ್ಟು ಸಂಬಂಧ ಬಿಡಿಸುವ ಮನೆಗಳು ಬೇಕಾದಷ್ಟಿವೆ. ಕೆಲವು ಸಲ ಮಾತ್ರ ಅದು ತಾನಾಗಿಯೇ ಹಿಂದೆ ಸರಿದವರು ಹೊದ್ದುಕೊಳ್ಳುವ ಮುಸುಕು. ಎರಡರಲ್ಲಿ ಯಾವುದು ಎಂಬುದು ನಿಮಗೆ ಎಂದಿಗೂ ಖಚಿತವಾಗಿ ತಿಳಿಯದಿರಬಹುದು. ಸಾಧ್ಯವಿದ್ದರೆ ಒಂದು ಸಲ, ಎದುರಾಎದುರು ಕೂತು ಕೇಳಿ. ಹಾಗೆ ಕೇಳುವುದು ನ್ಯಾಯವೇ. ಇಷ್ಟು ವರ್ಷ ಜೊತೆಗಿದ್ದವರಿಗೆ ಒಂದು ಸಂದೇಶ ಕಳುಹಿಸಿ ನಂಬರು ಬ್ಲಾಕ್ ಮಾಡಿ ಹೋಗುವುದನ್ನು ನಾನು ಹೇಡಿತನವೆಂದೇ ಕರೆಯುತ್ತೇನೆ. ಒಬ್ಬರು ಬಿಟ್ಟುಹೋಗಬೇಕಾದರೂ ಎದುರಿಗೆ ಬಂದು ಹೇಳಿ ಹೋಗುವಷ್ಟು ಋಣ ಆ ಸಂಬಂಧಕ್ಕಿರುತ್ತದೆ. ಆದರೆ ಅವರು ಬರದಿದ್ದರೆ, ಉತ್ತರ ಕೊಡದಿದ್ದರೆ, ಆ ಉತ್ತರಕ್ಕಾಗಿ ನಿಮ್ಮ ಬದುಕನ್ನು ಅಡವಿಡಬೇಡಿ.

ಈ ಮಾತನ್ನು ಗಂಡು ಮಕ್ಕಳಿಗೆ ಇನ್ನಷ್ಟು ಒತ್ತಿ ಹೇಳಬೇಕಾಗಿದೆ. ಬೇಡ ಎಂದವಳ ಹಿಂದೆ ಸುತ್ತುವುದು, ಬಸ್‌ಸ್ಟಾಪಿನಲ್ಲಿ ಕಾಯುವುದು, ಗೆಳೆಯರ ಕೈಯಲ್ಲಿ ಸಂದೇಶ ಕಳುಹಿಸುವುದು, ಹೊಸ ನಂಬರಿನಿಂದ ಕರೆ ಮಾಡುವುದು, ಇವೆಲ್ಲ ನಿಷ್ಠೆಯ ಲಕ್ಷಣ ಎಂದು ನಂಬಿಸುತ್ತಾ ಬಂದ ವಾತಾವರಣದಲ್ಲಿ ನಮ್ಮ ಹುಡುಗರು ಬೆಳೆದಿದ್ದಾರೆ. ಸ್ಪಷ್ಟವಾಗಿ ಬೇಡವೆಂದ ಮೇಲೂ ಒಬ್ಬ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು, ಅವಳ ಆನ್‌ಲೈನ್ ವ್ಯವಹಾರಗಳ ಮೇಲೆ ಕಣ್ಣಿಡುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೇ ಮೂರು ವರ್ಷದವರೆಗೆ ಜೈಲಾಗಬಹುದು. ಒಪ್ಪಿಗೆಯಿಂದಲೇ ತೆಗೆದ ಖಾಸಗಿ ಚಿತ್ರಗಳನ್ನು ಒಪ್ಪಿಗೆಯಿಲ್ಲದೆ ಹಂಚಿದರೆ ಅದೂ ಅಪರಾಧವೇ. ಅದೇ ವರ್ಷದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರು ಕೊಲೆಯಾದರು, ಒಬ್ಬಳು ಕಾಲೇಜಿನ ಆವರಣದಲ್ಲಿ, ಇನ್ನೊಬ್ಬಳು ತನ್ನ ಮನೆಯೊಳಗೇ. ಎರಡರಲ್ಲೂ ಆರೋಪ ಬಂದದ್ದು ಪರಿಚಯದ ಯುವಕರ ಮೇಲೆ. ನೊಂದ ಪ್ರತಿಯೊಬ್ಬನೂ ಅಂಥವನಲ್ಲ, ಬಹಳ ಮಂದಿ ಒಳಗೊಳಗೇ ಕರಗುವವರೇ. ಆದರೆ ‘ಬೇಡ’ ಎಂಬುದನ್ನು ಸ್ವೀಕರಿಸಲು ಗಂಡು ಮಕ್ಕಳಿಗೆ ಮನೆಯಲ್ಲಿ ಯಾರೂ ಕಲಿಸುತ್ತಿಲ್ಲ ಎಂಬುದು ನನ್ನನ್ನು ನಿಜವಾಗಿಯೂ ಕಳವಳಗೊಳಿಸುವ ಸಂಗತಿ.

ಫೋನಿನ ವಿಷಯಕ್ಕೆ ಬರೋಣ. ಬಿಟ್ಟುಹೋದವರ ಫೇಸ್‌ಬುಕ್ ಪುಟವನ್ನು ಪದೇ ಪದೇ ನೋಡುವವರಲ್ಲಿ ಸಂಕಟ ಹೆಚ್ಚು, ಚೇತರಿಕೆ ಕಡಿಮೆ ಎಂಬ ನಂಟನ್ನು ಟಾರಾ ಮಾರ್ಷಲ್ ಎಂಬ ಸಂಶೋಧಕಿ 2012ರಲ್ಲೇ ತೋರಿಸಿದ್ದರು. ಆಮೇಲೆ ಫೋನುಗಳಲ್ಲಿ ನೆನಪಿನ ಮೂಲೆಗಳು ಇನ್ನೂ ಹೆಚ್ಚಾಗಿವೆ. ವಾಟ್ಸ್ಆ್ಯಪ್‌ನಲ್ಲಿ, ಇನ್‌ಸ್ಟಾಗ್ರಾಮ್‌ನಲ್ಲಿ ಬ್ಲಾಕ್ ಮಾಡಿದರೂ ಯುಪಿಐ ಆ್ಯಪ್ ತೆರೆದಾಗ ಅದೇ ಹೆಸರು ಕಣ್ಣಿಗೆ ಬೀಳುತ್ತದೆ. ಒತ್ತಿದರೆ ಬಸ್ಸಿಗೆ ಮೂವತ್ತು ರೂಪಾಯಿ, ದೋಸೆಗೆ ನೂರಿಪ್ಪತ್ತು, ‘ಚಿಲ್ಲರೆ ಇರಲಿ’ ಎಂದು ಕಳುಹಿಸಿದ ಐವತ್ತು, ಹೀಗೆ ಕೂಡಿ ಬದುಕಿದ ದಿನಗಳೆಲ್ಲ ತಾರೀಖಿನ ಸಮೇತ ಸಾಲಾಗಿ ನಿಂತಿರುತ್ತವೆ. ಫೋಟೊ ಆ್ಯಪ್ ತಾನಾಗಿಯೇ ಹಿಂದಿನ ವರ್ಷದ ಇದೇ ದಿನದ ಚಿತ್ರವನ್ನು ಎತ್ತಿ ಮುಂದಿಡುತ್ತದೆ. ಎಲ್ಲವನ್ನೂ ಒಂದೇ ರಾತ್ರಿ ಅಳಿಸಿಹಾಕಿ ಎಂದು ನಾನು ಹೇಳುವುದಿಲ್ಲ. ಸಿಟ್ಟಿನಲ್ಲಿ ಅಳಿಸಿ ಆಮೇಲೆ ಕೊರಗುವವರಿದ್ದಾರೆ. ಫೋಟೊಗಳನ್ನು ಬೇರೆ ಡ್ರೈವ್‌ಗೆ ಹಾಕಿ ನಂಬಿಕೆಯ ಒಬ್ಬರ ಕೈಗೆ ಕೊಡಿ, ಆ ವ್ಯಕ್ತಿಯ ನೆನಪುಗಳನ್ನು ತೋರಿಸದಂತೆ ಆ್ಯಪಿನಲ್ಲಿ ಬದಲಾಯಿಸಿಕೊಳ್ಳಿ, ಅವರ ಸ್ಟೇಟಸ್ ನೋಡಿ ವರದಿ ಒಪ್ಪಿಸುವ ಸ್ನೇಹಿತರಿಗೆ ಇನ್ನು ಹೇಳಬೇಡಿ ಎಂದು ಖಡಾಖಂಡಿತವಾಗಿ ತಿಳಿಸಿ.

ಮನೆಯವರಿಗೆ ಹೇಗೋ ವಿಷಯ ತಿಳಿಯಿತು ಎಂದುಕೊಳ್ಳಿ. ಆಗ ನಮ್ಮ ಹಿರಿಯರು ಹುಡುಕುವ ಮದ್ದು ಮದುವೆ. ‘ಒಂದು ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ’ ಎಂದು ತಿಂಗಳೊಪ್ಪತ್ತಿನಲ್ಲಿ ನಿಶ್ಚಿತಾರ್ಥ ಮುಗಿಸಿಬಿಡುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ; ಮಗಳು ಸೊರಗುವುದನ್ನು, ಮಗ ಕುಡಿತಕ್ಕೆ ಬೀಳುವುದನ್ನು ಯಾವ ತಂದೆತಾಯಿಯೂ ಸುಮ್ಮನೆ ನೋಡುತ್ತಿರಲಾರರು. ಆದರೆ ಈ ಅವಸರದಲ್ಲಿ ಯಾವ ತಪ್ಪೂ ಮಾಡದ ಇನ್ನೊಂದು ಮನೆಯ ಮಗುವನ್ನು ಔಷಧಿಯಂತೆ ಬಳಸಿಕೊಳ್ಳುತ್ತಿದ್ದೇವೆ ಎಂಬ ಯೋಚನೆ ಯಾರಿಗೂ ಬರುವುದಿಲ್ಲ. ಹಸೆಮಣೆಯ ಮೇಲೆ ಕೂತವರ ಮನಸ್ಸು ಬೇರೆಲ್ಲೋ ಇದ್ದರೆ, ಅದರ ಬೆಲೆ ತೆರುವುದು ಪಕ್ಕದಲ್ಲಿ ಕೂತ ಆ ಜೀವ. ತಂದೆತಾಯಂದಿರಲ್ಲಿ ನನ್ನ ಬೇಡಿಕೆ ಇಷ್ಟೇ: ‘ನಮಗೆ ಹೇಳದೆ ಮಾಡಿದ್ದಕ್ಕೆ ಹೀಗಾಯಿತು’ ಎಂಬ ಮಾತನ್ನು ಆ ದಿನಗಳಲ್ಲಿ ಆಡಬೇಡಿ. ಜಾತಿ ಯಾವುದು ಎಂಬುದನ್ನು ಮೊದಲ ಪ್ರಶ್ನೆಯಾಗಿ ಕೇಳಬೇಡಿ. ಊರಿಗೆ ಕರೆಸಿಕೊಂಡು, ಹೊತ್ತು ಹೊತ್ತಿಗೆ ಬಿಸಿ ಊಟ ಬಡಿಸಿ, ಅವರಾಗಿ ಮಾತು ತೆಗೆದಾಗ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.

ತಂದೆತಾಯಿಗೆ ಹೇಳುವ ಪರಿಸ್ಥಿತಿ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಕೆಲವು ಮನೆಗಳಲ್ಲಿ ಹೇಳುವುದು ಅಪಾಯವೂ ಹೌದು. ಹಾಗಿದ್ದರೆ ಅಕ್ಕನಿಗೆ ಹೇಳಿ, ಚಿಕ್ಕಮ್ಮನಿಗೆ ಹೇಳಿ, ಮಾವನ ಮಗನಿಗೆ ಹೇಳಿ, ಬೇರೆ ಊರಿನಲ್ಲಿರುವ ಹಳೆಯ ಸಹಪಾಠಿಗೆ ಹೇಳಿ. ಒಬ್ಬರಾದರೂ ಇಡೀ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿರಬೇಕು. ‘ಅವಳು ಹೋದರೆ ಇನ್ನೊಬ್ಬಳು’ ಎಂದು ಬಾಟಲಿ ತೆರೆಯುವ ಸ್ನೇಹಿತರು ಆ ಒಬ್ಬರಾಗಲಾರರು. ಯಾರೂ ಇಲ್ಲ ಎನ್ನುವವರಿಗೂ ಒಂದು ದಾರಿಯಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416; ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಶೇ 4ಕ್ಕೂ ಹೆಚ್ಚು ಮಂದಿಯ ವಿಷಯದಲ್ಲಿ ಪ್ರೇಮ ಪ್ರಕರಣವೇ ಕಾರಣವೆಂದು ದಾಖಲಾಗಿದೆ. ಅಂದರೆ ಒಂದೇ ವರ್ಷದಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿ. ಬದುಕಿರುವುದೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ, ಅದು ತಾನಾಗಿ ಹೋಗುತ್ತದೆಂದು ಕಾಯದೆ ಆ ಸಂಖ್ಯೆಗೆ ಕರೆ ಮಾಡಿ. ನಿಮ್ಮ ರೂಮ್‌ಮೇಟ್ ಅಂಥ ಮಾತಾಡಿದರೆ ಅವರನ್ನು ಆ ರಾತ್ರಿ ಒಂಟಿಯಾಗಿ ಬಿಡಬೇಡಿ.

ಕಾಲ ಕಳೆದು ಮನಸ್ಸು ತಿಳಿಯಾದ ಮೇಲೆ, ನಿಜವಾಗಿ ಮದುವೆಯ ಮಾತು ಬಂದಾಗ ಏಳುವ ಪ್ರಶ್ನೆಯೊಂದಿದೆ: ಹಳೆಯದನ್ನು ಹೇಳಬೇಕೇ, ಬೇಡವೇ? ‘ಹೇಳಿದರೆ ಸಂಬಂಧ ತಪ್ಪಿಹೋಗುತ್ತದೆ’ ಎಂದು ಅನೇಕರು ಬಾಯಿ ಮುಚ್ಚಿಸುತ್ತಾರೆ, ಅದರಲ್ಲೂ ಹೆಣ್ಣು ಮಕ್ಕಳ ಬಾಯನ್ನು. ಒಬ್ಬರನ್ನು ಪ್ರೀತಿಸಿದ್ದೆ, ಅದು ಮುಗಿದಿದೆ ಎಂಬಷ್ಟನ್ನು ನಿಶ್ಚಿತಾರ್ಥಕ್ಕೆ ಮುಂಚೆಯೇ, ಹಿರಿಯರಿಲ್ಲದ ಕಡೆ, ಇಬ್ಬರೇ ಕೂತು ಹೇಳಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಹೆಸರು, ಊರು, ವಿವರಗಳ ಅಗತ್ಯವಿಲ್ಲ. ಎದುರಿಗಿರುವವರಿಗೂ ಹೇಳಿಕೊಳ್ಳಲು ಅಂಥದ್ದೇ ಒಂದು ಕಥೆ ಇದ್ದಿರಬಹುದು, ಅವರೂ ಹೇಳಲು ಹೆದರಿ ಕೂತಿರಬಹುದು. ಅಷ್ಟನ್ನು ಕೇಳಿ ಎದ್ದುಹೋಗುವವರಿದ್ದರೆ ಹೋಗಲಿ. ತಾಳಿ ಕಟ್ಟಿದ ಮೇಲೆ ಇನ್ನಾರದೋ ಬಾಯಿಂದ ತಿಳಿದು ಜಗಳವಾಗುವುದಕ್ಕಿಂತ, ಹೋಟೆಲಿನ ಮೇಜಿನ ಬಳಿಯೇ ಆ ಮಾತು ಮುಗಿಯುವುದು ಇಬ್ಬರಿಗೂ ಒಳ್ಳೆಯದು.