ಮಡಿಕೇರಿಯ ರಾಜ ಲಂಡನ್ನಿನ ಕೋರ್ಟಿಗೆ ಹೋದ ಕಥೆ

ನಮಸ್ಕಾರ. ಕಣದಲ್ಲಿ ಕಾಫಿ ಹರಡಿ, ಮೋಡದ ಮೇಲೆ ಒಂದು ಕಣ್ಣಿಟ್ಟು ರೇಡಿಯೋ ಕೇಳುತ್ತಿರುವವರಿಗೂ ನಮಸ್ಕಾರ. ಅಂತರರಾಷ್ಟ್ರೀಯ ಕಾನೂನಿನ ಬಗ್ಗೆ ಮಾತಾಡಿ ಅಂದಿದ್ದಾರೆ. ಹೆಸರು ಕೇಳಿಯೇ ಸ್ಟೇಷನ್ ಬದಲಿಸಬೇಡಿ, ಇದು ನಮ್ಮ ಮಡಿಕೇರಿ ಕೋಟೆಯಿಂದಲೇ ಶುರುವಾಗುವ ವಿಷಯ.

ನಾನು ಹೇಳುವುದು ಒಂದೇ ಮಾತು. ದೇಶ ದೇಶಗಳ ಜಗಳದಲ್ಲಿ ಯಾರದು ಸರಿ ಅನ್ನುವ ಪ್ರಶ್ನೆ ಆಮೇಲೆ ಬರುತ್ತದೆ. ಮೊದಲು ಕೇಳುವುದು, 'ನೀನು ಯಾರು? ನಿನ್ನನ್ನು ರಾಜ್ಯ ಅಂತ ಒಪ್ಪಿದವರು ಯಾರು?'

1790ರಲ್ಲಿ ಟಿಪ್ಪುವಿನ ವಿರುದ್ಧ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಈಸ್ಟ್ ಇಂಡಿಯಾ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡ. ಕಂಪನಿಯ ಬೊಂಬಾಯಿ ಸೈನ್ಯ ನಮ್ಮ ಘಟ್ಟ ಹತ್ತಿಯೇ ಶ್ರೀರಂಗಪಟ್ಟಣದ ಕಡೆಗೆ ಹೋಯಿತು. ದಾರಿ, ದವಸ, ಎತ್ತು ಕೊಟ್ಟವರು ಇಲ್ಲಿಯವರು. ಆಗ ಕೊಡಗು ರುಜು ಹಾಕುವ ಯೋಗ್ಯತೆಯ ರಾಜ್ಯ, ಅಲ್ವಾ? 1834ರ ಏಪ್ರಿಲ್‌ನಲ್ಲಿ ಅದೇ ಕಂಪನಿಯ ಸೈನ್ಯ ಮಡಿಕೇರಿಗೆ ಬಂತು, ಚಿಕ್ಕವೀರರಾಜೇಂದ್ರನನ್ನು ಇಳಿಸಿತು, ಕೊನೆಗೆ ಅವನನ್ನು ಕಾಶಿಗೆ ಸಾಗಿಸಿತು. ರಾಜ ಒಳ್ಳೆಯವನೋ ಕೆಟ್ಟವನೋ ಅಂತ ದಯವಿಟ್ಟು ನನಗೆ ಕಾಗದ ಬರೆಯಬೇಡಿ. ಇವತ್ತಿನ ವಿಷಯ ದುಡ್ಡು.

ರಾಜನ ಹತ್ತಿರ ಕಂಪನಿಯದೇ ಸಾಲಪತ್ರಗಳಿದ್ದವು. ಅಂದರೆ ಕಂಪನಿ ಅವನಿಗೆ ಬಾಕಿದಾರ. ಯುದ್ಧದಲ್ಲಿ ಆ ಪತ್ರಗಳನ್ನೂ ಕಂಪನಿ ಹಿಡಿದುಕೊಂಡಿತು. ರಾಜ ಸುಮ್ನೆ ಕೂರಲಿಲ್ಲ. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಅಲ್ಲಿ ಆ ಹುಡುಗಿ ಕ್ರೈಸ್ತಳಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನೂ ಕೊಟ್ಟಳು. ಮಗಳಿಗೆ ಅರಮನೆಯ ಉಪಚಾರ, ಅಪ್ಪನಿಗೆ ಕೋರ್ಟಿನ ಅಲೆದಾಟ. ಅವನ ವಾದ ನಮ್ಮ ಸಂತೆಯಲ್ಲಿ ಯಾರಿಗಾದರೂ ತಿಳಿಯುತ್ತದೆ: ಸಾಲ ತಗೊಂಡಿದ್ದೀರಿ, ತೀರಿಸಿ. 1859ರಲ್ಲಿ ರಾಜ ಅಲ್ಲೇ ತೀರಿಕೊಂಡ, 1860ರಲ್ಲಿ ತೀರ್ಪು ಬಂತು. ಕಂಪನಿ ಇದನ್ನು ಪ್ರಭುವಾಗಿ, ಯುದ್ಧದಲ್ಲಿ ತೆಗೆದುಕೊಂಡಿದೆ, ಇದರಲ್ಲಿ ಕೋರ್ಟು ಕೈಹಾಕುವುದಿಲ್ಲ ಅಂತ! ಸಾಲ ತಗೊಳ್ಳುವಾಗ ವ್ಯಾಪಾರಿ, ತೀರಿಸುವ ಹೊತ್ತಿಗೆ ದೊರೆ. ಓದಿದಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಆಯ್ತು, ಬೇಗ ಹೇಳುತ್ತೇನೆ.

1945ರಲ್ಲಿ ವಿಶ್ವಸಂಸ್ಥೆಯನ್ನು 51 ಸದಸ್ಯರು ಸೇರಿ ಕಟ್ಟಿದರು. ಬ್ರಿಟಿಷರ ಕೈಕೆಳಗಿದ್ದ ಭಾರತಕ್ಕೂ ಅಲ್ಲಿ ಒಂದು ಕುರ್ಚಿ. ಅದೇ ಹೊತ್ತಲ್ಲಿ ಇನ್ನೆಷ್ಟೋ ವಸಾಹತುಗಳು ಬಾಗಿಲ ಹೊರಗೆ. ಮತ್ತೆ ಅದೇ ಪ್ರಶ್ನೆ, ನೀನು ಯಾರು? ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನಿಯಮದ 38ನೇ ವಿಧಿಯಲ್ಲಿ 'ನಾಗರಿಕ ರಾಷ್ಟ್ರಗಳು' ಅನ್ನುವ ಪದ ಇವತ್ತಿಗೂ ಕೂತಿದೆ. ಅನಾಗರಿಕರು ಯಾರಪ್ಪಾ ಅಂತ ಕೇಳಬೇಕು ಅನ್ನಿಸುತ್ತದೆ. ಐದು ದೇಶಗಳ ವಿಟೋ ಬಗ್ಗೆ ಇನ್ನೊಂದು ದಿನ.

ನಮ್ಮ ರಾಜನ ತೀರ್ಪಾಗಿ ನೂರು ವರ್ಷಕ್ಕೆ, 1960ರಲ್ಲಿ, ಅದೇ ಹೇಗ್‌ನಲ್ಲಿ ಪೋರ್ಚುಗಲ್ ಮತ್ತು ಭಾರತದ ದಾದ್ರಾ ನಗರ ಹವೇಲಿ ವ್ಯಾಜ್ಯ ತೀರ್ಮಾನವಾಯಿತು. ಆ ಊರುಗಳು ನಮ್ಮವು, ಅಲ್ಲಿಗೆ ಭಾರತದ ನೆಲ ದಾಟಿ ಹೋಗುವ ಹಕ್ಕು ನಮಗಿದೆ ಅನ್ನುವುದು ಪೋರ್ಚುಗೀಸರ ವಾದ. ಮರಾಠರ 1779ರ ಒಪ್ಪಂದವನ್ನು ನ್ಯಾಯಾಧೀಶರು ಎದುರಿಗಿಟ್ಟುಕೊಂಡು ಓದಿದರು, ಪೋರ್ಚುಗೀಸರಿಗೆ ಅದರಲ್ಲಿ ಸಿಕ್ಕಿದ್ದು ಕಂದಾಯ ಮಾತ್ರ, ಒಡೆತನವಲ್ಲ ಅಂದರು. ಅಷ್ಟೊತ್ತಿಗೆ ನಮ್ಮ ಕೈಯಲ್ಲಿ ಬಾವುಟ ಇತ್ತು ನೋಡಿ.

ಪಕ್ಕದ ದಕ್ಷಿಣ ಕನ್ನಡದ ಕಡೆಯ ಬೆನಗಲ್ ನರಸಿಂಗ ರಾವ್ 1952ರಲ್ಲಿ ಆ ಕೋರ್ಟಿಗೇ ನ್ಯಾಯಾಧೀಶರಾಗಿ ಹೋದರು. ಅವರ ಬಗ್ಗೆ ಎರಡು ಪುಟ ಬರೆದು ತಂದಿದ್ದೆ, ಸಮಯವನ್ನೆಲ್ಲ ರಾಜನೇ ತಿಂದ. ನಮಸ್ಕಾರ.