ನಿಮ್ಮ ತೂಕ ಎಲ್ಲಿಂದ ಬಂತು?

ನಮಸ್ಕಾರ ಕೇಳುಗರೇ.

ರೇಡಿಯೋ ಹಾಕಿಕೊಂಡು ಏನೋ ಕೆಲಸದಲ್ಲಿರುತ್ತೀರಿ. ಕೆಲಸ ಬಿಡಬೇಡಿ, ಕಿವಿ ಮಾತ್ರ ಈ ಕಡೆ ಇರಲಿ. ಕೈಗೆ ಸಿಕ್ಕಿದ್ದನ್ನು ಒಮ್ಮೆ ಎತ್ತಿ ನೋಡಿ. ಪುಸ್ತಕ, ಲೋಟ, ಬೀಗದ ಕೈ, ಯಾವುದಾದರೂ ಸರಿ. ಭಾರ ಇದೆ ಅಲ್ವಾ? ಆ ಭಾರ ಎಲ್ಲಿಂದ ಬಂತು? ನನಗೆ ಕೊಟ್ಟಿರುವ ಇಷ್ಟು ಹೊತ್ತನ್ನೂ ಈ ಒಂದು ಪ್ರಶ್ನೆಗೇ ಇಡುತ್ತೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ವಸ್ತು ಯಾವ ಕಣಗಳಿಂದ ಆಗಿದೆಯೋ ಆ ಕಣಗಳಿಂದ ಬರುವ ತೂಕ ನೂರರಲ್ಲಿ ಒಂದು ಪಾಲು. ಉಳಿದ 99 ಪಾಲು ಬರುವುದು ಆ ಕಣಗಳನ್ನು ಹಿಡಿದಿಟ್ಟಿರುವ ಬಲದಿಂದ. ಪಠ್ಯಪುಸ್ತಕದಲ್ಲಿ ಇದಕ್ಕೆ ಪ್ರಬಲ ಬೈಜಿಕ ಬಲ ಎಂಬ ಹೆಸರಿದೆ. ನಾನು ಸುಮ್ನೆ ಪ್ರಬಲ ಬಲ ಅನ್ನುತ್ತೇನೆ. ದ್ರವ್ಯರಾಶಿ ಅನ್ನಬೇಕಾದ ಕಡೆಯಲ್ಲೆಲ್ಲ ತೂಕ ಅನ್ನುತ್ತೇನೆ.

ಯಾವ ವಸ್ತುವನ್ನೇ ತೆಗೆದುಕೊಳ್ಳಿ, ಒಳಗೆ ಇರುವುದು ಪರಮಾಣುಗಳು. ಪರಮಾಣುವಿನ ನಡುವೆ ಬೀಜ. ಬೀಜದಲ್ಲಿ ಪ್ರೋಟಾನು, ನ್ಯೂಟ್ರಾನು. ಇವು ಎಷ್ಟು ಚಿಕ್ಕವು ಅಂದರೆ ಒಂದು ಮಿಲಿಮೀಟರ್ ಉದ್ದಕ್ಕೆ ಸುಮಾರು 60,000 ಕೋಟಿ ಪ್ರೋಟಾನುಗಳು ಸಾಲಾಗಿ ಹಿಡಿಸುತ್ತವೆ. ಪ್ರತಿ ಪ್ರೋಟಾನಿನ ಒಳಗೆ ಮೂರು ಕ್ವಾರ್ಕ್‌ಗಳಿವೆ. 1964ರಲ್ಲಿ ಮರ್ರಿ ಗೆಲ್‌ಮನ್ ಮತ್ತು ಜಾರ್ಜ್ ಜ್ವೈಗ್ ಎಂಬ ಇಬ್ಬರು ಬೇರೆ ಬೇರೆಯಾಗಿಯೇ ಇದನ್ನು ಊಹಿಸಿದರು. ಕ್ವಾರ್ಕ್‌ಗಳನ್ನು ಹಿಡಿದಿಡುವ ಅಂಟಿನ ಹೆಸರು ಗ್ಲುವಾನ್.

ಈಗ ನಾನು ಎಲ್ಲಿ ಹೋದರೂ ಹೇಳುವ ಒಂದು ಪ್ರಸಂಗ. 2006ರಲ್ಲಿ ಒಂದು ಶಾಲೆಗೆ ಮಾತನಾಡಲು ಹೋಗಿದ್ದೆ. ಹಲಗೆಯ ಎಡ ಮೂಲೆಯಲ್ಲಿ ಪ್ರೋಟಾನಿನ ತೂಕ ಬರೆದೆ: 938. ಭೌತವಿಜ್ಞಾನಿಗಳು ಬಳಸುವ ಒಂದು ಅಳತೆಯಲ್ಲಿ ಅದು, ಹೆಸರು ಬೇಡ, ಸಂಖ್ಯೆ ಸಾಕು. ಅರ್ಧ ಗಂಟೆ ಕಳೆದ ಮೇಲೆ ಬಲ ಮೂಲೆಯಲ್ಲಿ ಕ್ವಾರ್ಕ್‌ಗಳ ತೂಕ ಬರೆದೆ. ಅಪ್ ಕ್ವಾರ್ಕ್ ಸುಮಾರು 2, ಡೌನ್ ಕ್ವಾರ್ಕ್ ಸುಮಾರು 5. ಪ್ರೋಟಾನಿನಲ್ಲಿ ಎರಡು ಅಪ್, ಒಂದು ಡೌನ್. ಅಷ್ಟು ಹೇಳಿ ಮುಂದೆ ಹೋದೆ.

ಮೂರನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಒಂಬತ್ತನೇ ತರಗತಿ. ಕೈಯಲ್ಲಿ ನೋಟ್‌ಬುಕ್. ‘ಸಾರ್, ಎರಡು, ಎರಡು, ಐದು ಕೂಡಿದರೆ ಒಂಬತ್ತು. ನೀವು 938 ಅಂದ್ರಿ. ಮಿಕ್ಕ 929 ಎಲ್ಲಿ?’

ಇಡೀ ತರಗತಿ ಹಲಗೆಯ ಈ ಮೂಲೆ, ಆ ಮೂಲೆ ನೋಡಿತು. ನಾನು ಅವಳನ್ನೇ ಕೇಳಿದೆ, ‘ನಿನಗೇನು ಅನ್ನಿಸುತ್ತದೆ?’ ಸ್ವಲ್ಪ ಯೋಚಿಸಿ ಅವಳು ಹೇಳಿದಳು, ‘ಅಂಟಿಗೂ ತೂಕ ಇರಬೇಕು ಸಾರ್.’ ಒಳ್ಳೆಯ ಊಹೆ. ಆದರೆ ಗ್ಲುವಾನಿನ ತೂಕ ಸೊನ್ನೆ. ಅದನ್ನು ಹೇಳಿದೆ. ಅವಳಿಗೆ ಸಿಟ್ಟೇ ಬಂತು. ‘ಕ್ವಾರ್ಕಿಗೂ ಅಷ್ಟು ತೂಕ ಇಲ್ಲ, ಅಂಟಿಗೂ ತೂಕ ಇಲ್ಲ, ಎರಡೂ ಸೇರಿದರೆ ಮಾತ್ರ 938 ಹೇಗೆ ಬರುತ್ತೆ?’

ಈ ಪ್ರಶ್ನೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಅವಳಿಗೆ ಐನ್‌ಸ್ಟೈನರ ಸೂತ್ರ ಗೊತ್ತಿತ್ತು. ಎಲ್ಲರಿಗೂ ಗೊತ್ತು. ಆದರೆ ಎಲ್ಲರೂ ಅದನ್ನು ಒಂದೇ ದಿಕ್ಕಿನಲ್ಲಿ ಓದುತ್ತಾರೆ: ತೂಕ ಕರಗಿದರೆ ಶಕ್ತಿ ಬರುತ್ತದೆ ಅಂತ. 1905ರಲ್ಲಿ ಐನ್‌ಸ್ಟೈನ್ ಕೇಳಿದ ಪ್ರಶ್ನೆ ಎದುರು ದಿಕ್ಕಿನಿಂದ ಇತ್ತು: ಒಂದು ವಸ್ತುವಿನ ಒಳಗಿರುವ ಶಕ್ತಿಗೆ ತಕ್ಕಂತೆ ಅದರ ಜಡತ್ವ ಬದಲಾಗುತ್ತದೆಯೇ? ಹೌದು, ಬದಲಾಗುತ್ತದೆ. ಒಳಗೆ ಶಕ್ತಿ ತುಂಬಿದಷ್ಟೂ ವಸ್ತು ಭಾರವಾಗುತ್ತದೆ. ಪ್ರೋಟಾನಿನ ಪುಟ್ಟ ಜಾಗದಲ್ಲಿ ಕ್ವಾರ್ಕ್‌ಗಳು ಬೆಳಕಿನ ವೇಗದ ಹತ್ತಿರ ಹತ್ತಿರ ಓಡುತ್ತಿವೆ. ಗ್ಲುವಾನುಗಳು ಅವನ್ನು ಬಿಡದೆ ಎಳೆಯುತ್ತಿವೆ. ಆ ಓಟದ ಶಕ್ತಿ, ಆ ಎಳೆತದ ಶಕ್ತಿ, ಅದೇ 929.

ಅವಳು ಕೂರಲಿಲ್ಲ. ‘ಲೆಕ್ಕ ಮಾಡಿ ನೋಡಿದ್ದೀರಾ? 929 ಬಂತಾ?’ ಅಂದಳು.

2006ರಲ್ಲಿ ಇದಕ್ಕೆ ಪೂರ್ತಿ ಹೌದು ಅನ್ನುವ ಹಾಗಿರಲಿಲ್ಲ. ಹತ್ತಿರ ಬಂದಿದ್ದೇವೆ, ಸ್ವಲ್ಪ ಕಾಯಬೇಕು ಅಂದೆ. ಆ ಲೆಕ್ಕ ಯಾಕೆ ಅಷ್ಟು ಕಷ್ಟ ಅಂತ ಈಗ ನಿಮಗೆ ಹೇಳುತ್ತೇನೆ, ಯಾಕೆಂದರೆ ನನ್ನ ಬದುಕೆಲ್ಲ ಕಳೆದಿರುವುದು ಅದರಲ್ಲೇ.

ವಿದ್ಯುತ್ತಿನ ಬಲವನ್ನು ಹೊತ್ತು ತರುವುದು ಬೆಳಕಿನ ಕಣ. ಬೆಳಕಿನ ಕಣಗಳು ಒಂದನ್ನೊಂದು ಎಳೆಯುವುದಿಲ್ಲ, ತಮ್ಮ ಪಾಡಿಗೆ ಹೋಗುತ್ತವೆ. ಗ್ಲುವಾನುಗಳು ಹಾಗಲ್ಲ, ಅವು ಒಂದನ್ನೊಂದು ಎಳೆದಾಡುತ್ತವೆ. ಹಾಗಾಗಿ ಎರಡು ಕ್ವಾರ್ಕ್‌ಗಳನ್ನು ದೂರ ಮಾಡಲು ಹೋದರೆ ನಡುವಿನ ಗ್ಲುವಾನುಗಳೆಲ್ಲ ಮುದುಡಿ ಒಂದು ಹಗ್ಗದಂತಾಗುತ್ತವೆ. ದೂರ ಹೋದರೂ ಆ ಹಗ್ಗದ ಬಿಗಿ ಕಡಿಮೆ ಆಗುವುದಿಲ್ಲ. ಎಳೆತ ಸುಮಾರು 15 ಟನ್ ಭಾರದಷ್ಟು! ಕಣ್ಣಿಗೆ ಕಾಣದ ಎರಡು ಕಣಗಳ ನಡುವೆ. ಇನ್ನೂ ಎಳೆದರೆ ಹಗ್ಗ ಹರಿಯುತ್ತದೆ, ಹರಿದ ತುದಿಗಳಲ್ಲಿ ಹೊಸ ಕ್ವಾರ್ಕ್ ಜೋಡಿ ಹುಟ್ಟುತ್ತದೆ. ಒಂಟಿ ಕ್ವಾರ್ಕ್ ಇವತ್ತಿಗೂ ಯಾರ ಕೈಗೂ ಸಿಕ್ಕಿಲ್ಲ.

ಬಹಳ ಹತ್ತಿರ ಬಂದರೆ ಮಾತ್ರ ಈ ಬಲ ಸಡಿಲವಾಗುತ್ತದೆ. 1973ರಲ್ಲಿ ಗ್ರಾಸ್, ವಿಲ್ಜೆಕ್, ಪೊಲಿಟ್ಜರ್ ಇದನ್ನು ತೋರಿಸಿದರು. 2004ರ ನೊಬೆಲ್ ಅದಕ್ಕೇ ಬಂತು. ಸಡಿಲವಾದ ಕಡೆ ಕಾಗದ, ಪೆನ್ಸಿಲ್ ಸಾಕು. ಮೊದಲು ದೊಡ್ಡ ಅಂಶ, ಆಮೇಲೆ ಸಣ್ಣ ತಿದ್ದುಪಡಿ, ಆಮೇಲೆ ಇನ್ನೂ ಸಣ್ಣದು. ಆದರೆ ಪ್ರೋಟಾನಿನ ಅಳತೆಗೆ ಬಂದಾಗ ಪ್ರತಿ ತಿದ್ದುಪಡಿಯೂ ಹಿಂದಿನದರಷ್ಟೇ ದೊಡ್ಡದು. ಪೆನ್ಸಿಲ್ ಅಲ್ಲೇ ಸೋಲುತ್ತದೆ.

ದಾರಿ ತೋರಿಸಿದ್ದು ಕೆನ್ನೆತ್ ವಿಲ್ಸನ್, 1974ರಲ್ಲಿ. ಅವರ ಉಪಾಯ ಕೇಳಿ. ಜಾಗವನ್ನೂ ಕಾಲವನ್ನೂ ಒಂದು ಬಲೆಯಂತೆ ಹೆಣೆಯಿರಿ. ಬಲೆಯ ಗಂಟುಗಳಲ್ಲಿ ಕ್ವಾರ್ಕ್‌ಗಳನ್ನು ಕೂರಿಸಿ. ಗಂಟಿನಿಂದ ಗಂಟಿಗೆ ಹೋಗುವ ಎಳೆಗಳ ಮೇಲೆ ಗ್ಲುವಾನುಗಳನ್ನು ಇಡಿ. ಮುಗಿಯದ ಲೆಕ್ಕ ಈಗ ಎಣಿಸಬಹುದಾದ ಲೆಕ್ಕವಾಯಿತು. ನಾವು ಇದನ್ನು ಲ್ಯಾಟಿಸ್ ಅನ್ನುತ್ತೇವೆ. ಆಮೇಲೆ ಕಂಪ್ಯೂಟರ್ ಒಂದು ರೀತಿಯಲ್ಲಿ ದಾಳ ಹಾಕುತ್ತದೆ. ಗ್ಲುವಾನುಗಳು ಹೀಗಿರಬಹುದು, ಹಾಗಿರಬಹುದು ಅಂತ ಸಾವಿರಾರು ಚಿತ್ರ ಮಾಡಿ, ಎಲ್ಲದರ ಸರಾಸರಿ ತೆಗೆಯುತ್ತದೆ. ಬಲೆಯನ್ನು ಇನ್ನಷ್ಟು ಒತ್ತಾಗಿ ಹೆಣೆದು ಮತ್ತೆ ಅದೇ ಲೆಕ್ಕ. ಇನ್ನೂ ಒತ್ತಾಗಿ, ಮತ್ತೆ.

1980ರಲ್ಲಿ ಮೈಕೆಲ್ ಕ್ರೂಟ್ಜ್ ಪ್ರಕಟಿಸಿದ ಲೆಕ್ಕದಲ್ಲಿ ದೊಡ್ಡ ಬಲೆ ಅಂದರೆ ಒಂದೊಂದು ದಿಕ್ಕಿಗೆ 10 ಗಂಟು. ನಾಲ್ಕು ದಿಕ್ಕು ಸೇರಿ 10,000. ಈಗ ನಾವು ಬಳಸುವ ಬಲೆಯಲ್ಲಿ ಮೂರು ದಿಕ್ಕಿಗೆ 64, ಕಾಲದ ದಿಕ್ಕಿಗೆ 128 ಗಂಟುಗಳು ಇರುವುದುಂಟು. ಗುಣಿಸಿದರೆ ಮೂರು ಕೋಟಿ 35 ಲಕ್ಷ ದಾಟುತ್ತದೆ. ಗಂಟೊಂದಕ್ಕೆ 72 ಸಂಖ್ಯೆ ಇಟ್ಟುಕೊಳ್ಳಬೇಕು. ಒಂದೇ ಒಂದು ಚಿತ್ರಕ್ಕೆ 240 ಕೋಟಿ ಸಂಖ್ಯೆಗಳು! ಕ್ವಾರ್ಕ್ ಹಗುರವಾದಷ್ಟೂ ಲೆಕ್ಕ ನಿಧಾನ, ಅದು ಇನ್ನೊಂದು ತಾಪತ್ರಯ. ಅದಕ್ಕೇ ಎಷ್ಟೋ ವರ್ಷ ಕ್ವಾರ್ಕ್‌ಗಳನ್ನು ನಿಜಕ್ಕಿಂತ ಭಾರ ಮಾಡಿಕೊಂಡು ಲೆಕ್ಕ ಹಾಕುತ್ತಿದ್ದೆವು. 1989ರಲ್ಲಿ ವಿಲ್ಸನ್ ಅವರೇ, ಕಂಪ್ಯೂಟರುಗಳ ಶಕ್ತಿ ಹತ್ತು ಕೋಟಿ ಪಟ್ಟು ಹೆಚ್ಚಬೇಕಾದೀತು, ಲೆಕ್ಕದ ವಿಧಾನವೂ ಬಹಳ ಸುಧಾರಿಸಬೇಕು ಅಂದಿದ್ದರು.

2008ರ ನವೆಂಬರಿನಲ್ಲಿ ಆ ದಿನ ಬಂತು. ಬುಡಾಪೆಸ್ಟ್, ಮಾರ್ಸೆ, ವುಪ್ಪರ್ಟಾಲ್ ಊರುಗಳ ಹೆಸರಿನ ತಂಡವೊಂದು ತನ್ನ ಲೆಕ್ಕವನ್ನು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿತು. ಮೂರು ಕಣಗಳ ತೂಕವನ್ನು ಪ್ರಯೋಗದಿಂದ ತೆಗೆದುಕೊಂಡರು. ಇನ್ನು ಒಂಬತ್ತು ಕಣಗಳ ತೂಕವನ್ನು ಲೆಕ್ಕದಿಂದಲೇ ಹೊರತೆಗೆದರು. ಒಂಬತ್ತೂ ಪ್ರಯೋಗಕ್ಕೆ ಹೊಂದಿದವು. ಪ್ರೋಟಾನಿಗೆ ಬಂದ ಉತ್ತರ 936, ನೂರಕ್ಕೆ ಮೂರು ನಾಲ್ಕರಷ್ಟು ಹೆಚ್ಚುಕಡಿಮೆ ಇರಬಹುದು ಅಂತ. ಆ ಲೇಖನದಲ್ಲಿದ್ದ ಫಲಿತಾಂಶದ ಚಿತ್ರದ ಒಂದು ಪ್ರತಿ ತೆಗೆದು ಆ ಶಾಲೆಗೆ ಅಂಚೆಯಲ್ಲಿ ಕಳಿಸಿದೆ. ಮೇಲೆ ‘ಮೂರನೇ ಬೆಂಚಿಗೆ’ ಅಂತ ಬರೆದೆ.

ಮತ್ತೆ ಹೇಳುತ್ತೇನೆ. ನಿಮ್ಮ ತೂಕ 60 ಕಿಲೋ ಅಂದುಕೊಳ್ಳಿ. ಅದರಲ್ಲಿ ಎಲೆಕ್ಟ್ರಾನುಗಳದ್ದು 20 ಗ್ರಾಮೂ ಇಲ್ಲ. ಕ್ವಾರ್ಕ್‌ಗಳ ಸ್ವಂತ ತೂಕ 600 ಗ್ರಾಂ ಚಿಲ್ಲರೆ. ಉಳಿದ 59 ಕಿಲೋ ಪ್ರಬಲ ಬಲದ ಶಕ್ತಿ. 2012ರಲ್ಲಿ ಹಿಗ್ಸ್ ಕಣ ಸಿಕ್ಕಾಗಿನಿಂದ ‘ಎಲ್ಲಕ್ಕೂ ತೂಕ ಕೊಡುವ ಕಣ’ ಅಂತ ಓದುತ್ತಲೇ ಇದ್ದೇನೆ. ದಯವಿಟ್ಟು ಹಾಗೆ ಬರೆಯಬೇಡಿ. ಹಿಗ್ಸ್ ಬಹಳ ಮುಖ್ಯ, ಒಪ್ಪುತ್ತೇನೆ. ಆದರೆ ನಿಮ್ಮ 60 ಕಿಲೋದಲ್ಲಿ ಅದರ ಪಾಲು ಆ 600 ಗ್ರಾಂ ಚಿಲ್ಲರೆಯ ಸುತ್ತಮುತ್ತ ಮಾತ್ರ. 59 ಕಿಲೋ ಪ್ರಬಲ ಬಲದ್ದು.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ನ್ಯೂಟ್ರಾನ್ ಪ್ರೋಟಾನಿಗಿಂತ ಸಾವಿರಕ್ಕೆ ಒಂದೂವರೆಯಷ್ಟೂ ಜಾಸ್ತಿ ಭಾರ ಇಲ್ಲ. 2015ರಲ್ಲಿ ಆ ಕೂದಲೆಳೆಯ ವ್ಯತ್ಯಾಸವೂ ಲ್ಯಾಟಿಸ್ ಲೆಕ್ಕದಲ್ಲಿ ಸಿಕ್ಕಿತು. ಇದು ತಿರುಗುಮುರುಗಾಗಿದ್ದರೆ ಜಲಜನಕ ಉಳಿಯುತ್ತಿರಲಿಲ್ಲ, ನೀರೂ ಇರುತ್ತಿರಲಿಲ್ಲ. ಇನ್ನೊಂದು, ಸುಮಾರು 1.8 ಲಕ್ಷ ಕೋಟಿ ಡಿಗ್ರಿಗೆ ಕಾಯಿಸಿದರೆ ಪ್ರೋಟಾನುಗಳೇ ಕರಗಿ ಕ್ವಾರ್ಕ್, ಗ್ಲುವಾನುಗಳ ಒಂದೇ ದ್ರವವಾಗುತ್ತದೆ. ಸೂರ್ಯನ ನಡುಭಾಗಕ್ಕಿಂತ ಲಕ್ಷ ಪಟ್ಟು ಬಿಸಿ ಅದು. ಯಾವ ಬಿಸಿಯಲ್ಲಿ ಕರಗುತ್ತದೆ ಅಂತ ನಿಖರವಾಗಿ ಹೇಳಿದ್ದೂ ಇದೇ ಬಲೆಯ ಲೆಕ್ಕ. ಆ ದ್ರವವನ್ನು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲೂ ಯೂರೋಪಿನ ಸರ್ನ್ ಪ್ರಯೋಗಾಲಯದಲ್ಲೂ ಕ್ಷಣಕಾಲ ಮಾಡಿ ನೋಡಿದ್ದಾರೆ.

ಒಂದು ಕೆಲಸ ಮಾತ್ರ ಬಾಕಿ. ಕ್ವಾರ್ಕ್ ಯಾಕೆ ಒಂಟಿಯಾಗಿ ಹೊರಗೆ ಬರುವುದಿಲ್ಲ ಅಂತ ಕಂಪ್ಯೂಟರ್ ತೋರಿಸುತ್ತದೆ. ಗಣಿತದ ರುಜುವಾತಾಗಿ ಇನ್ನೂ ಯಾರೂ ಬರೆದುಕೊಟ್ಟಿಲ್ಲ. 2000ನೇ ಇಸವಿಯಲ್ಲಿ ಕ್ಲೇ ಗಣಿತ ಸಂಸ್ಥೆ ಇದಕ್ಕೆ ಬಹಳ ಹತ್ತಿರದ ಒಂದು ಪ್ರಶ್ನೆಗೆ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿತು. ಗ್ಲುವಾನಿಗೆ ತೂಕ ಇಲ್ಲ, ಆದರೂ ಗ್ಲುವಾನುಗಳಷ್ಟೇ ಸೇರಿ ಮಾಡುವ ಕಣಕ್ಕೆ ತೂಕ ಇದ್ದೇ ಇರುತ್ತದೆ ಎಂದು ಸಾಧಿಸಿ, ಅನ್ನುವುದು ಅದರ ತಿರುಳು. ಮೂರನೇ ಬೆಂಚಿನ ಹುಡುಗಿ ಸಿಟ್ಟಿನಿಂದ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಆ ಬಹುಮಾನ ಇನ್ನೂ ಅಲ್ಲೇ ಇದೆ.

ನಮಸ್ಕಾರ.