ಕಲೇವಾದಲ್ಲಿ ಕುಡಿದ ಚಹಾ

ಕೇಳುಗರಿಗೆಲ್ಲ ನಮಸ್ಕಾರ. ಬರ್ಮಾ ಯುದ್ಧ ಅಂದ ತಕ್ಷಣ ನಮ್ಗೆ ನೆನಪಾಗೋದು ನೇತಾಜಿ, ಇಂಫಾಲ, ಕೊಹಿಮಾ, ಹೆಚ್ಚಂದ್ರೆ ರಂಗೂನಿಂದ ಕಾಡು ಹಾದು ನಡ್ಕೊಂಡು ಬಂದೋರ ಕತೆ. ಅದೇ ಕಾಡಲ್ಲಿ ಕೀನ್ಯಾ, ಉಗಾಂಡಾ, ಟಾಂಗನೀಕಾ (ಈಗಿನ ಟಾಂಜಾನಿಯಾ) ಕಡೆ ಹಳ್ಳಿ ಹುಡುಗರೂ ಸಾವಿರಾರು ಜನ ಬಂದೂಕು ಹೊತ್ಕೊಂಡು ಓಡಾಡಿದ್ರು ಅಂತ ಎಷ್ಟು ಜನಕ್ಕೆ ಗೊತ್ತು? ನಂಗೂ ಗೊತ್ತಿರ್ಲಿಲ್ಲ ಬಿಡಿ.

ಅವರಿದ್ದ ಪಡೆ ಹೆಸರು ಕಿಂಗ್ಸ್ ಆಫ್ರಿಕನ್ ರೈಫಲ್ಸ್. ಪೂರ್ವ ಆಫ್ರಿಕಾದ ತಮ್ಮ ವಸಾಹತುಗಳನ್ನ ಕಾಯೋಕೆ ಅಂತ ಬ್ರಿಟಿಷರು 1902ರಲ್ಲಿ ಕಟ್ಟಿದ್ದು. ತಮಾಷೆ ಏನಂದ್ರೆ ಶುರುವಿನ ಆರು ಬೆಟಾಲಿಯನ್ನಲ್ಲಿ ಐದನೇದ್ರಲ್ಲಿ ಇದ್ದೋರು ಇಂಡಿಯಾದ ಸಿಪಾಯಿಗಳೇ. ಆಫೀಸರ್‌ಗಳೆಲ್ಲ ಬಿಳಿಯರು, ಕೆಳಗಿನೋರು ಅಸ್ಕರಿಗಳು. ನಾವು ಲಷ್ಕರ್ ಅಂತೀವಲ್ಲ, ಆ ಅಸ್ಕರಿ ಅದಕ್ಕೆ ನೆಂಟಸ್ತನ ಇರೋ ಪದ.

ಎರಡನೇ ಮಹಾಯುದ್ಧದಲ್ಲಿ ಈ ಬೆಟಾಲಿಯನ್ನುಗಳನ್ನೇ ಸೇರಿಸಿ 11ನೇ ಈಸ್ಟ್ ಆಫ್ರಿಕನ್ ಡಿವಿಷನ್ ಅಂತ ಮಾಡಿದ್ರು, ತೋಳಿನ ಬ್ಯಾಡ್ಜಲ್ಲಿ ಘೇಂಡಾಮೃಗದ ತಲೆ. ಮೊದ್ಲು ಸಿಲೋನು, ಆಮೇಲೆ ಬರ್ಮಾ. ಎಲ್ಲರೂ ದಡ ಮುಟ್ಲಿಲ್ಲ. 1944ರ ಫೆಬ್ರವರಿ 12ನೇ ತಾರೀಕು ಮೊಂಬಾಸಾದಿಂದ ಕೊಲಂಬೋಗೆ ಬರ್ತಿದ್ದ ಖೆಡಿವ್ ಇಸ್ಮಾಯಿಲ್ ಅನ್ನೋ ಹಡಗಿಗೆ ಮಾಲ್ಡೀವ್ಸ್ ಹತ್ರ ಜಪಾನಿ ಸಬ್‌ಮರೀನು ಟಾರ್ಪೆಡೋ ಹೊಡೀತು, ಎರಡು ನಿಮಿಷದೊಳಗೆ ಹಡಗು ತಳ ಸೇರಿ 1,297 ಜನ ಹೋಗ್ಬಿಟ್ರು, ಅದ್ರಲ್ಲಿ ಪೂರ್ವ ಆಫ್ರಿಕಾದ ಫಿರಂಗಿ ದಳದೋರೇ ಅರ್ಧಕ್ಕಿಂತ ಹೆಚ್ಚು. ಯುದ್ಧದ ಮುಖಾನೇ ನೋಡಿರ್ಲಿಲ್ಲ ಪಾಪ.

ಉಳಿದೋರಿಗೆ ಸಿಕ್ಕಿದ್ದು ಮಣಿಪುರದ ಗಡಿಯಾಚೆ ಬರ್ಮಾದಲ್ಲಿರೋ ಕಬಾ ಕಣಿವೆ. ಜಪಾನಿಗಳು ಇಂಫಾಲದಲ್ಲಿ ಸೋತು ಹಿಂದಕ್ಕೆ ಹೋಗ್ತಿದ್ರು, ಸುರಿಯೋ ಮಳೇಲೇ ಅವರ ಬೆನ್ನು ಹತ್ತೋ ಕೆಲಸ ಇವರಿಗೆ ಬಂತು. ಮಲೇರಿಯಾ, ಟೈಫಸ್ಸು, ಕಾಲಿಗೆ ಜಿಗಣೆ, ನಮ್ಮ ಆಗುಂಬೆ ಕಡೆಯೋರಾದ್ರೆ ಇಂಬಳ ಅಂತಾರೆ, ಆಷಾಢದಲ್ಲಿ ತೋಟಕ್ಕೆ ಹೋಗಿ ಬಂದೋರಿಗೆ ಅದರ ಕಾಟ ಬಿಡಿಸಿ ಹೇಳ್ಬೇಕಿಲ್ಲ. ಲಾರಿ ಹೂತೋಗೋ ಕೆಸರು, ಅದ್ಕೇ ಊಟ ಮದ್ದುಗುಂಡು ಎಲ್ಲಾ ವಿಮಾನದಿಂದ ಬೀಳ್ಸೋರು. ಹಾಗೆ ಗಡಿ ಹತ್ರದ ತಾಮು ಅನ್ನೋ ಊರಿಂದ ಇಳ್ಕೊಂಡು ಬಂದು ಡಿಸೆಂಬರ್ ಶುರುವಿಗೆ ಚಿಂದ್ವಿನ್ ನದಿ ದಡದ ಕಲೇವಾ ಹಿಡಿದ್ರು. ಅಲ್ಲಿ ಇಂಜಿನಿಯರ್‌ಗಳು 1,154 ಅಡಿ ಉದ್ದದ ಬೈಲಿ ಸೇತುವೆ, ಅಂದ್ರೆ ಬಿಡಿಭಾಗ ಜೋಡಿಸಿ ಬೇಗ ನಿಲ್ಲಿಸೋ ಉಕ್ಕಿನ ಸೇತುವೆ, ಕಟ್ಟಿದ್ರು.

ಇಷ್ಟು ಸೇನೆಯ ದಾಖಲೇಲೂ ಸಿಗುತ್ತೆ. ಬಿಳಿ ಆಫೀಸರ್‌ಗಳ ನೆನಪುಗಳೂ ಬೇಕಾದಷ್ಟಿವೆ, ಅದ್ರಲ್ಲಿ ಅಸ್ಕರಿ ಅಂದ್ರೆ ನಂಬಿಗಸ್ಥ, ನಗುಮುಖದೋನು, ಒಳ್ಳೇ ಹಾಡು ಹೇಳ್ತಾನೆ, ಮುಗೀತು. ಅಸ್ಕರಿಯೇ ಬರೆದದ್ದು ಕಡಿಮೆ. ಹಾಗೆ ಬರೆದೋರಲ್ಲಿ ಒಬ್ಬ ವಾರುಹಿಯು ಇತೋತೆ, ಕೀನ್ಯಾದ ನ್ಯೇರಿ ಕಡೆಯೋನು, 1942ರಲ್ಲಿ ಸೇರಿ 36ನೇ ಬೆಟಾಲಿಯನ್ನಲ್ಲಿದ್ದ.

ಆತನ ಪುಸ್ತಕದಲ್ಲಿ ನಂಗೆ ಬಹಳ ಹಿಡಿಸಿದ್ದು ಗುಂಡು ಬಾಂಬಲ್ಲ, ಚಹಾ. ಮುಂಚೂಣೀಲಿ ಇದ್ದಾಗ ಬಿಳಿಯರೂ ನಾವೂ ಒಂದೇ ಚಹಾ ಕುಡಿದ್ವಿ, ಒಂದೇ ನೀರು, ಒಂದೇ ಕಕ್ಕಸು, ಒಂದೇ ಜೋಕಿಗೆ ನಕ್ಕಿದ್ವಿ ಅಂತ ಹೇಳ್ತಾನೆ. ಕಕ್ಕಸಿನ ಮಾತು ಬರೀಬೇಕು ಅಂತ ಯಾಕನ್ನಿಸ್ತು ಅಂದ್ರೆ ಊರಲ್ಲಿ ಅದು ಬೇರೆ ಬೇರೆ ಇತ್ತು, ಅಷ್ಟೇ. ಒಂದೇ ಬಾವೀಲಿ ನೀರು ಸೇದೋಕೆ ಬಿಡದ ಊರುಗಳನ್ನ ಕಂಡಿರೋ ನಮ್ಗೆ ಈ ಸಾಲು ಎಲ್ಲಿ ಚುಚ್ಚುತ್ತೆ ಅಂತ ವಿವರಿಸೋದೇ ಬೇಡ. ಇನ್ನೊಂದು ಕಡೆ ಒಬ್ಬ ಇಂಗ್ಲಿಷ್ ಸಿಪಾಯಿ ಜೊತೆ ಮಾತು ಬರುತ್ತೆ. ನಾನು ಸತ್ರೆ ನನ್ನ ದೇಶಕ್ಕೋಸ್ಕರ ಸತ್ತೆ ಅಂತಾದ್ರೂ ಇರುತ್ತೆ, ನೀನು ಸತ್ರೆ ನಿನ್ನ ದೇಶಕ್ಕೆ ಏನು ಬಂತು ಅನ್ನೋ ಧಾಟೀಲಿ ಅವನು ಕೇಳ್ತಾನೆ, ಇವನ ಹತ್ರ ಉತ್ತರ ಇಲ್ಲ.

ಈ ಪುಸ್ತಕ ಬಂದಿದ್ದು 1967ರಲ್ಲಿ, ಕೀನ್ಯಾ ಸ್ವತಂತ್ರ ಆದ್ಮೇಲೆ, ಹಾಗಾಗಿ ಇಪ್ಪತ್ತು ವರ್ಷದ ಹಿಂದಿನ ಮಾತುಗಳನ್ನ ಆಮೇಲಿನ ರಾಜಕೀಯಕ್ಕೆ ತಕ್ಕಂಗೆ ಸ್ವಲ್ಪ ಒಪ್ಪ ಮಾಡಿ ಜೋಡಿಸಿರಬಹುದು ಅಂತ ನಂಗೂ ಅನುಮಾನ ಇದ್ದೇ ಇದೆ. ಬರ್ಮಾದ ನೆನಪು ಅಂದ್ರೆ ಹುಷಾರಾಗಿರ್ಬೇಕು ಕಣ್ರೀ, ಉಗಾಂಡಾದ ಇದಿ ಅಮೀನ್ ಕೂಡ ನಾನು ಬರ್ಮಾದಲ್ಲಿ ಕಾದಾಡಿದೆ ಅಂತ ಹೇಳ್ಕೊಂಡು ತಿರುಗ್ತಿದ್ದ, ದಾಖಲೆ ನೋಡಿದ್ರೆ ಪುಣ್ಯಾತ್ಮ ಸೇನೆ ಸೇರಿದ್ದೇ 1946ರಲ್ಲಿ, ಅದೂ ಅಡುಗೆಮನೆ ಕೆಲಸಕ್ಕೆ! ಆದ್ರೆ ರಾಜಕೀಯಕ್ಕೆ ಅಂತ ಸುಳ್ಳು ಕಟ್ಟೋನು ಪರಾಕ್ರಮ ಕಟ್ತಾನೆ, ಒಂದೇ ಕಕ್ಕಸಿಗೆ ಹೋಗಿದ್ವಿ ಅಂತ ಯಾರು ಕಟ್ತಾರೆ ಹೇಳಿ. ಅದಕ್ಕೇ ಆ ಸಾಲನ್ನ ನಾನು ನಂಬ್ತೀನಿ.

ಯುದ್ಧ ಮುಗಿದು ಊರಿಗೆ ಹೋದ್ರೆ ಮತ್ತೆ ಅದೇ ಬೇರೆ ನೀರು, ಬೇರೆ ಕಕ್ಕಸು. ಇತೋತೆಗೆ ಸಿಕ್ಕ ಕೆಲಸ ರೈಲು ಇಂಜಿನ್ನಿಗೆ ಬೆಂಕಿ ಹಾಕೋದು. 1952ರಲ್ಲಿ ಕಾಡು ಸೇರಿ, ಬ್ರಿಟಿಷ್ ಆಳ್ವಿಕೆ ವಿರುದ್ಧ ಕೀನ್ಯಾದಲ್ಲಿ ಎದ್ದ ಮೌ ಮೌ ದಂಗೇಲಿ ಜನರಲ್ ಚೈನಾ ಅನ್ನೋ ಹೆಸರಿನ ನಾಯಕ ಆದ, ಬರ್ಮಾದಲ್ಲಿ ಬ್ರಿಟಿಷರೇ ಕಲಿಸಿದ ಕಾಡುಯುದ್ಧ ಬ್ರಿಟಿಷರ ಮೇಲೇ ಹೂಡಿದ. 1954ರ ಜನವರೀಲಿ ಗಂಟಲಿಗೆ ಗುಂಡೇಟು ಬಿದ್ದು ಸಿಕ್ಕಿಬಿದ್ದ, ಗಲ್ಲು ಶಿಕ್ಷೆ ಆಯ್ತು, ಆಮೇಲೆ ಅದನ್ನ ಮಾಫಿ ಮಾಡಿ ಉತ್ತರದ ಮರಳುಗಾಡಿನ ಲೋಕಿಟಾಂಗ್ ಜೈಲಿಗೆ ಹಾಕಿದ್ರು. ಅಲ್ಲಿದ್ದ ಇನ್ನೊಬ್ಬ ಕೈದಿ ಜೋಮೋ ಕೆನ್ಯಾಟಾ, ಮುಂದೆ ಕೀನ್ಯಾದ ಅಧ್ಯಕ್ಷ ಆದೋರು. ಇತೋತೆಗೆ ಇಂಗ್ಲಿಷ್ ಪಾಠ ಹೇಳಿಕೊಟ್ಟಿದ್ದು ಅವ್ರೇ, ಆ ಜೈಲಲ್ಲೇ. ಕಲೇವಾದ ಚಹಾ ಕತೆ ನಮ್ಮ ತನಕ ಬಂದಿದ್ದು ಆ ಇಂಗ್ಲಿಷಲ್ಲೇ.

ನಮಸ್ಕಾರ.